ದೂರದ ರೈಲು, ಕಡಮೆ ಖರ್ಚು: ಟಿಕೇಟು ಆರಿಸುವ ಬಗೆ

ಬೆಳೆಗಾರರ ಮನೆಗಳಲ್ಲಿ ರೈಲಿನ ಮಾತು ವರ್ಷಕ್ಕೆ ಎರಡು ಸಲವಾದರೂ ಬಂದೇ ಬರುತ್ತದೆ. ಕೊಯ್ಲಿಗೆ ಮೊದಲು ಅಸ್ಸಾಮ್, ಪಶ್ಚಿಮ ಬಂಗಾಳ, ಒಡಿಶಾ, ಜಾರ್ಖಂಡ್ ಕಡೆಯ ಕೆಲಸಗಾರರು ಯಾವ ಗಾಡಿಗೆ ಬಂದು ಇಳಿಯುತ್ತಾರೆಂಬ ಪ್ರಶ್ನೆ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಅವರು ಊರಿಗೆ ಮರಳುವುದು ಹೇಗೆ, ಮನೆಯ ಹಿರಿಯರನ್ನು ಕಾಶಿಗೆ ಕರೆದೊಯ್ಯುವುದು ಯಾವಾಗ, ದೆಹಲಿಯಲ್ಲಿ ಓದುವ ಮಗಳನ್ನು ನೋಡಿಬರಲು ಎಷ್ಟು ಖರ್ಚಾದೀತು ಎಂಬ ಪ್ರಶ್ನೆಗಳು. ಕಾಫಿ, ಅಡಿಕೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಆದರೆ ರೈಲಿನ ಖರ್ಚು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ನಿಯಮ ತಿಳಿದವನಿಗೂ ತಿಳಿಯದವನಿಗೂ ಒಂದೇ ಗಾಡಿಯಲ್ಲಿ ಆಗುವ ಖರ್ಚಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಪಡುವ ಪಾಡಿನಲ್ಲಿ, ಬಹಳ ಅಂತರವಿದೆ. ಆದ್ದರಿಂದ ಸದಸ್ಯ ಬಾಂಧವರ ಉಪಯೋಗಕ್ಕೆಂದು ಕೆಲವು ಮುಖ್ಯ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ನಮ್ಮ ಸೀಮೆ ಮತ್ತು ರೈಲು

ರೈಲಿನ ಮಟ್ಟಿಗೆ ನಮ್ಮದು ಇನ್ನೂ ಹಿಂದುಳಿದ ಸೀಮೆಯೇ. ಕೊಡಗು ಜಿಲ್ಲೆಗೆ ಇಂದಿಗೂ ಹಳಿ ಬಂದಿಲ್ಲ. ಅಡಿಕೆಯ ದೊಡ್ಡ ಪೇಟೆಯಾದ ಶಿರಸಿಗೂ ಇಲ್ಲ. ಕೊಪ್ಪ, ತೀರ್ಥಹಳ್ಳಿಗಳಿಗೂ ಇಲ್ಲ. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಘಟ್ಟದ ದಾರಿ 1979ರಲ್ಲಿ ಮೀಟರ್ ಗೇಜಾಗಿ ತೆರೆದು, ಹಳಿ ಬದಲಾವಣೆಗೆಂದು 1996ರಲ್ಲಿ ಮುಚ್ಚಿ, ಮತ್ತೆ ಪ್ರಯಾಣಿಕರಿಗೆ ತೆರೆದದ್ದು 2007ರ ಕೊನೆಗೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರ ಜನವರಿಯಲ್ಲಿ. ಅಂದಿನಿಂದ ಕರಾವಳಿಯವರಿಗೆ ಮುಂಬಯಿ, ದೆಹಲಿ ಹತ್ತಿರವಾದವು.

ಹೀಗಿರುವುದರಿಂದ ನಮ್ಮವರ ದೂರಪ್ರಯಾಣ ಸಾಮಾನ್ಯವಾಗಿ ಬಸ್ಸಿನಲ್ಲಿ ಆರಂಭವಾಗುತ್ತದೆ. ಟಿಕೇಟು ಕೊಳ್ಳುವ ಮೊದಲು ಗಾಡಿ ಯಾವ ಸ್ಟೇಷನ್ನಿನಿಂದ ಹೊರಡುತ್ತದೆಂದು ನೋಡತಕ್ಕದ್ದು. ಬೆಂಗಳೂರಿನಲ್ಲಿಯೇ ಮೆಜೆಸ್ಟಿಕ್ ಪಕ್ಕದ ಹಳೆಯ ಸಿಟಿ ಸ್ಟೇಷನ್ (ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ), ಯಶವಂತಪುರ, ಹಾಗೂ 2022ರಲ್ಲಿ ತೆರೆದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಂದು ಮೂರು ಮುಖ್ಯ ಠಾಣೆಗಳಿವೆ. ಗುವಾಹಾಟಿ, ಹೌರಾ, ಪಟ್ನಾ ಕಡೆಯ ಹಲವು ಗಾಡಿಗಳು ಈಗ ಹೊರಡುವುದು ಬೈಯಪ್ಪನಹಳ್ಳಿಯಿಂದ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಎದುರಿನ ಸ್ಟೇಷನ್ನಿಗೆ ನಡೆದು ಹೋಗಿ ಗಾಡಿ ತಪ್ಪಿಸಿಕೊಂಡವರ ಸಂಖ್ಯೆ ಕಡಮೆಯೇನಲ್ಲ.

ದರದ ಲೆಕ್ಕ

ರೈಲು ದರದಲ್ಲಿ ಮೊದಲು ತಿಳಿಯಬೇಕಾದ ಸೂತ್ರವೆಂದರೆ, ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುತ್ತದೆ. ಎರಡು ಸಾವಿರ ಕಿಲೋಮೀಟರಿನ ಒಂದು ಟಿಕೇಟು, ಸಾವಿರ ಸಾವಿರದ ಎರಡು ಟಿಕೇಟಿಗಿಂತ ಅಗ್ಗ. ಆದ್ದರಿಂದ ದೂರದ ಊರಿಗೆ ತುಂಡು ತುಂಡಾಗಿ ಟಿಕೇಟು ಕೊಳ್ಳುವುದು ನಷ್ಟದ ವ್ಯವಹಾರ. ಸಾಧ್ಯವಿದ್ದಷ್ಟು ಒಂದೇ ಟಿಕೇಟು ಮಾಡಿಸುವುದು ಲೇಸು.

ಮೂಲ ದರದ ಮೇಲೆ ಕೆಲವು ಚಿಲ್ಲರೆ ಬಾಬ್ತುಗಳು ಸೇರುತ್ತವೆ. ಸ್ಲೀಪರ್ ದರ್ಜೆಗೆ ಕಾಯ್ದಿರಿಸುವ ಶುಲ್ಕ 20 ರೂಪಾಯಿ, ಸೂಪರ್‌ಫಾಸ್ಟ್ ಗಾಡಿಯಾದರೆ ಇನ್ನೂ 30 ರೂಪಾಯಿ. ಹವಾನಿಯಂತ್ರಿತ ಮೂರು ಹಂತದ ದರ್ಜೆಗೆ ಈ ಎರಡು ಬಾಬ್ತು 40 ಮತ್ತು 45 ರೂಪಾಯಿ. ಅದರ ಮೇಲೆ ಶೇಕಡ 5 ಜಿ.ಎಸ್.ಟಿ. ಸ್ಲೀಪರಿಗೂ ಸಾಮಾನ್ಯ ದರ್ಜೆಗೂ ಜಿ.ಎಸ್.ಟಿ. ಇಲ್ಲ. ಮನೆಯಿಂದಲೇ ಮೊಬೈಲಿನಲ್ಲಿ ಮಾಡಿಸಿದರೆ ಸೇವಾಶುಲ್ಕವೆಂದು ಇನ್ನಷ್ಟು ಸೇರುತ್ತದೆ. ಸ್ಟೇಷನ್ನಿನ ಕೌಂಟರಿನಲ್ಲಿ ಅದು ಇಲ್ಲ. ಕೆಲವು ಅಂಚೆ ಕಚೇರಿಗಳಲ್ಲಿಯೂ ಕಾಯ್ದಿರಿಸುವ ಕೌಂಟರುಗಳಿವೆ.

2025ರಲ್ಲಿ ದರ ಎರಡು ಸಲ ಏರಿತು. ಮೆಯಿಲ್ ಹಾಗೂ ಎಕ್ಸ್‌ಪ್ರೆಸ್ ಗಾಡಿಗಳ ಹವಾನಿಯಂತ್ರಣವಿಲ್ಲದ ದರ್ಜೆಗಳಿಗೆ ಜುಲೈ 1ರಿಂದ ಕಿಲೋಮೀಟರಿಗೆ 1 ಪೈಸೆ, ಡಿಸೆಂಬರ್ 26ರಿಂದ ಮತ್ತೆ 2 ಪೈಸೆ. ಮೂರು ಸಾವಿರ ಕಿಲೋಮೀಟರ್ ಹೋಗುವವನಿಗೆ ಒಟ್ಟು ಹೆಚ್ಚಳ ಸುಮಾರು 90 ರೂಪಾಯಿ. ಏರಿದ ಮೇಲೂ ಇಷ್ಟು ದೂರಕ್ಕೆ ಸ್ಲೀಪರಿನಷ್ಟು ಅಗ್ಗದಲ್ಲಿ ಮಲಗಿಸಿಕೊಂಡು ಕರೆದೊಯ್ಯುವ ಬೇರೊಂದು ವಾಹನ ನಮ್ಮ ದೇಶದಲ್ಲಿಲ್ಲ.

ಯಾವ ದರ್ಜೆ?

ಹಳಬರಿಗೆ ಮೂರನೆಯ ದರ್ಜೆಯ ಮರದ ಹಲಗೆ ನೆನಪಿರಬಹುದು. 1974ರಲ್ಲಿ ಮೂರನೆಯ ದರ್ಜೆ ಹೋಗಿ ಎರಡನೆಯದರಲ್ಲಿ ಸೇರಿತು. 1977ರಿಂದ 1979ರವರೆಗೆ ರೈಲ್ವೆ ಮಂತ್ರಿಗಳಾಗಿದ್ದ ಮಧು ದಂಡವತೆಯವರು ಎರಡನೆಯ ದರ್ಜೆಯ ಹಲಗೆಗಳಿಗೆ ಮೆತ್ತೆ ಹಾಕಿಸಿದರು. ಬಡವನೂ ಬೆನ್ನು ನೋಯದೆ ಮಲಗಬೇಕೆಂಬ ಆ ಒಂದು ತೀರ್ಮಾನದ ಫಲವನ್ನು ಇಂದಿನ ಸ್ಲೀಪರ್ ಪ್ರಯಾಣಿಕರು ಉಣ್ಣುತ್ತಿದ್ದಾರೆ.

ದೂರದ ದಾರಿಗೆ ಮೂರು ಹಂತದ ಹವಾನಿಯಂತ್ರಿತ ದರ್ಜೆಯ ದರ ಸ್ಲೀಪರಿನ ಸುಮಾರು ಎರಡೂವರೆ ಪಟ್ಟು. ಡಿಸೆಂಬರ್, ಜನವರಿಗಳಲ್ಲಿ ಉತ್ತರಕ್ಕೆ ಹೋಗುವವರಿಗೆ ಸೆಕೆಯ ಭಯವಿಲ್ಲ. ಚಳಿಗೆ ಒಂದು ಕಂಬಳಿ ಹೊತ್ತರೆ ಸ್ಲೀಪರು ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ನಾಗಪುರ, ಇಟಾರ್ಸಿ ದಾರಿಯ ಬಿಸಿಲು ಬೇರೆ ಮಾತು. ಆಗ ವಯಸ್ಸಾದವರನ್ನು ಕರೆದೊಯ್ಯುವವರು ಹಣದ ಮುಖ ನೋಡಬಾರದು. 2021ರಿಂದ ಕೆಲವು ಗಾಡಿಗಳಲ್ಲಿ ಎಕಾನಮಿ ಎಂಬ ಮೂರು ಹಂತದ ಹವಾನಿಯಂತ್ರಿತ ಡಬ್ಬಿಗಳು ಬಂದಿವೆ. ಹಾಸಿಗೆಗಳ ಸಂಖ್ಯೆ ಹೆಚ್ಚು, ದರ ತುಸು ಕಡಮೆ.

ಅಮೃತ ಭಾರತ್ ಎಂಬ ಗಾಡಿಗಳು 2023ರ ಡಿಸೆಂಬರ್ 30ರಂದು ಆರಂಭವಾದವು. ಹವಾನಿಯಂತ್ರಣವಿಲ್ಲದ ಸ್ಲೀಪರ್ ಹಾಗೂ ಸಾಮಾನ್ಯ ಡಬ್ಬಿಗಳ, ಎರಡು ತುದಿಗೂ ಇಂಜಿನ್ನಿರುವ ಗಾಡಿ. ಮೊದಲ ಎರಡರಲ್ಲಿ ಒಂದು ಬಂಗಾಳದ ಮಾಲ್ದಾ ಟೌನಿಗೂ ಬೆಂಗಳೂರಿಗೂ ನಡುವೆ ಓಡುವಂಥದ್ದು. ನಮ್ಮ ಕಡೆಗೆ ಬರುವ ದುಡಿಯುವ ಜನ ಎಲ್ಲಿಂದ ಬರುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ರಾಜಧಾನಿ, ದುರಂತೋ ಮೊದಲಾದ ಗಾಡಿಗಳಲ್ಲಿ ಮಾತ್ರ ಎಚ್ಚರ ಬೇಕು: ಅವುಗಳಲ್ಲಿ 2016ರಿಂದ ಜಾಗ ತುಂಬಿದಂತೆಲ್ಲ ದರ ಏರುವ ಕ್ರಮವಿದೆ.

ಅರವತ್ತು ದಿನದ ಲೆಕ್ಕ

ಮೊದಲು 120 ದಿನ ಮುಂಚಿತವಾಗಿ ಟಿಕೇಟು ಕಾಯ್ದಿರಿಸಬಹುದಿತ್ತು. 2024ರ ನವೆಂಬರ್ 1ರಿಂದ ಇದನ್ನು 60 ದಿನಕ್ಕೆ ಇಳಿಸಲಾಗಿದೆ. ಪ್ರಯಾಣದ ದಿನ ಈ ಲೆಕ್ಕಕ್ಕಿಲ್ಲ. ಅಂದರೆ ಅಧಿಕ ವರ್ಷವಲ್ಲದಾಗ ಮಾರ್ಚ್ 1ರ ಗಾಡಿಗೆ ಡಿಸೆಂಬರ್ 31ರ ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆಯುತ್ತದೆ. 2025ರ ಅಕ್ಟೋಬರ್ 1ರಿಂದ, ಹೀಗೆ ತೆರೆದ ಮೊದಲ ಹೊತ್ತಿನಲ್ಲಿ ಆನ್‌ಲೈನಿನಲ್ಲಿ ಮಾಡಿಸುವ ಅವಕಾಶ ಆಧಾರ್ ದೃಢೀಕರಿಸಿದ ಖಾತೆಯವರಿಗೆ ಮಾತ್ರ. ಖಾತೆ ಇದ್ದವರು ಆ ಕೆಲಸವನ್ನು ಈಗಲೇ ಮುಗಿಸಿಟ್ಟುಕೊಳ್ಳುವುದು ಒಳಿತು.

ಅರವತ್ತು ದಿನ ಮೊದಲೇ ತಾರೀಖು ನಿಶ್ಚಯಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ಪೇಟೆಯ ವ್ಯಾಪಾರಿಗೆ ಇದು ಕಷ್ಟ, ಬೆಳೆಗಾರನಿಗೆ ಅಷ್ಟಲ್ಲ. ಅರೇಬಿಕಾ ಕೊಯ್ಲು ಮುಗಿಯುವುದು ಯಾವಾಗ, ರೋಬಸ್ಟಾ ಎತ್ತುವುದು ಯಾವಾಗ, ಅಡಿಕೆಯ ಕೊನೆಯ ಕೊಯ್ಲು ಯಾವ ವಾರ ಎಂಬುದು ಗಿಡ ನೋಡಿದವನಿಗೆ ಎರಡು ತಿಂಗಳು ಮುಂಚೆ ಸುಮಾರಾಗಿ ತಿಳಿದಿರುತ್ತದೆ. ಒಂದು ವಾರ ಆಚೀಚೆ ಆದರೂ ಟಿಕೇಟು ರದ್ದುಮಾಡುವ ನಷ್ಟ, ಕೊನೆಯ ದಿನ ದಲ್ಲಾಳಿಗೆ ತೆರುವ ಹಣಕ್ಕಿಂತ ಕಡಮೆ. ಬಾಯಾರಿದಾಗ ಬಾವಿ ತೋಡುವ ಅಭ್ಯಾಸವನ್ನು ರೈಲಿನ ವಿಷಯದಲ್ಲಿಯಾದರೂ ಬಿಡತಕ್ಕದ್ದು.

ಕಾಯುವ ಪಟ್ಟಿಯ ಒಳಗುಟ್ಟು

ವೇಟಿಂಗ್ ಲಿಸ್ಟ್ ಎಂದರೆ ಎಲ್ಲವೂ ಒಂದೇ ಅಲ್ಲ. ಟಿಕೇಟಿನ ಮೇಲೆ ಜಿ.ಎನ್. ಎಂದು ಆರಂಭವಾಗುವ ಪಟ್ಟಿ ಗಾಡಿ ಹೊರಡುವ ಊರಿನ ಕಡೆಯ ಸಾಮಾನ್ಯ ಪಟ್ಟಿ. ಖಚಿತವಾಗುವ ಸಂಭವ ಇದಕ್ಕೆ ಎಲ್ಲಕ್ಕಿಂತ ಹೆಚ್ಚು. ಆರ್.ಎಲ್. ಎಂಬುದು ನಡುದಾರಿಯ ಊರಿನ ಪಾಲು, ಪಿ.ಕ್ಯೂ. ಎಂಬುದು ಹಲವು ಚಿಕ್ಕ ಊರುಗಳಿಗೆ ಸೇರಿ ಒಂದೇ ಪಾಲು. ಈ ಎರಡರಲ್ಲಿ ಹತ್ತನೆಯ ಸ್ಥಾನವೂ ಒಮ್ಮೊಮ್ಮೆ ಅಲುಗುವುದಿಲ್ಲ.

ಇಲ್ಲಿ ಒಂದು ಉಪಾಯವಿದೆ. ಎರ್ನಾಕುಲಮ್‌ನಿಂದ ದೆಹಲಿಯ ಹಜ್ರತ್ ನಿಜಾಮುದ್ದೀನಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಗಾಡಿಯನ್ನು ಮಂಗಳೂರು ಜಂಕ್ಷನ್ನಿನಲ್ಲಿ ಹತ್ತುವವರಿಗೆ ಅಲ್ಲಿಯ ಪಾಲಿನಲ್ಲಿ ಜಾಗ ಸಿಗದಿದ್ದರೆ, ಟಿಕೇಟನ್ನು ಎರ್ನಾಕುಲಮ್‌ನಿಂದಲೇ ಕೊಂಡು, ಹತ್ತುವ ಸ್ಥಳ ಮಂಗಳೂರು ಎಂದು ನಮೂದಿಸಬಹುದು. ಹೆಚ್ಚುವರಿ ದೂರಕ್ಕೆ ಹಣ ಕೊಡಬೇಕು, ನಿಜ. ಆದರೆ ಮೇಲೆ ಹೇಳಿದಂತೆ ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುವುದರಿಂದ ಆ ಹೊರೆ ಸಣ್ಣದು. ಹತ್ತುವ ಸ್ಥಳ ನಮೂದಿಸದೆ ಹೋದರೆ ಮಾತ್ರ ಹಾಸಿಗೆ ಬೇರೆಯವರ ಪಾಲಾದೀತು.

ಆರ್.ಎ.ಸಿ. ಸಿಕ್ಕವರು ಧೈರ್ಯವಾಗಿ ಹೊರಡಬಹುದು. ಬದಿಯ ಕೆಳಹಾಸಿಗೆಯಲ್ಲಿ ಇಬ್ಬರಿಗೆ ಕೂರುವ ಹಕ್ಕು ಇದೆ. ದಾರಿಯಲ್ಲಿ ಜಾಗ ತೆರವಾದರೆ ಹಾಸಿಗೆಯೂ ಸಿಕ್ಕೀತು. ಆದರೆ ಆನ್‌ಲೈನ್ ಟಿಕೇಟಿನ ಎಲ್ಲರೂ ಚಾರ್ಟ್ ಆದ ಮೇಲೂ ಕಾಯುವ ಪಟ್ಟಿಯಲ್ಲಿಯೇ ಉಳಿದರೆ ಟಿಕೇಟು ತಾನಾಗಿ ರದ್ದಾಗಿ ಹಣ ವಾಪಸಾಗುತ್ತದೆ. ಅದನ್ನು ಹಿಡಿದು ಹತ್ತಿದರೆ ಟಿಕೇಟಿಲ್ಲದವರ ಲೆಕ್ಕ. ಕೌಂಟರಿನ ಟಿಕೇಟಾದರೂ ಸ್ಲೀಪರ್ ಡಬ್ಬಿಗೆ ಹತ್ತುವ ಹಕ್ಕು ಇಲ್ಲ. 2025ರವರೆಗೆ ಚಾರ್ಟ್ ಆಗುತ್ತಿದ್ದುದು ಗಾಡಿ ಹೊರಡುವ ನಾಲ್ಕು ಗಂಟೆ ಮೊದಲು. ಈಗ ಅದಕ್ಕಿಂತ ಬಹಳ ಮೊದಲೇ ಆಗುತ್ತದೆ. ಘಟ್ಟದ ಮೇಲಿಂದ ಬಸ್ಸು ಹತ್ತುವ ನಮ್ಮವರಿಗೆ ಇದು ದೊಡ್ಡ ಉಪಕಾರ. ಮನೆ ಬಿಡುವ ಮೊದಲೇ 139ಕ್ಕೆ ಫೋನು ಮಾಡಿ ಸ್ಥಿತಿ ತಿಳಿದುಕೊಳ್ಳಬಹುದು.

ತುರ್ತಿಗೆ ತತ್ಕಾಲ್ ಇದ್ದೇ ಇದೆ. ಗಾಡಿ ಹೊರಡುವ ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಹವಾನಿಯಂತ್ರಿತ ದರ್ಜೆಗೂ, 11ಕ್ಕೆ ಸ್ಲೀಪರಿಗೂ ತೆರೆಯುತ್ತದೆ. 2025ರ ಜುಲೈಯಿಂದ ಇದಕ್ಕೂ ಆಧಾರ್ ದೃಢೀಕರಣ ಬೇಕು. ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ. ಖಚಿತವಾದ ತತ್ಕಾಲ್ ಟಿಕೇಟು ರದ್ದುಮಾಡಿದರೆ ಹಣ ಬರುವುದಿಲ್ಲ. ಪ್ರೀಮಿಯಮ್ ತತ್ಕಾಲ್ ಎಂಬುದರಲ್ಲಿ ದರ ಬೇಡಿಕೆಯಂತೆ ಏರುವುದರಿಂದ ಕಡಮೆ ಖರ್ಚು ಬಯಸುವವರು ಅದರ ಗೊಡವೆಗೆ ಹೋಗದಿರುವುದು ಲೇಸು.

ಹಿರಿಯರು, ಮಕ್ಕಳು, ಹಾಸಿಗೆ

ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ (ಪುರುಷರಿಗೆ ಶೇಕಡ 40, ಸ್ತ್ರೀಯರಿಗೆ ಶೇಕಡ 50) 2020ರ ಮಾರ್ಚಿನಲ್ಲಿ ನಿಂತುಹೋಯಿತು. ಕೆಳಹಾಸಿಗೆಯ ಪಾಲು ಮಾತ್ರ ಉಳಿದಿದೆ: 60 ದಾಟಿದ ಪುರುಷರು, 45 ದಾಟಿದ ಸ್ತ್ರೀಯರು ಒಬ್ಬರೋ ಇಬ್ಬರೋ ಆಗಿ ಟಿಕೇಟು ಮಾಡಿಸಿದರೆ ಇದು ದೊರೆಯುವ ಸಂಭವವಿದೆ. ಆದ್ದರಿಂದ ಮನೆಮಂದಿ ಆರು ಜನರನ್ನೂ ಒಂದೇ ಟಿಕೇಟಿನಲ್ಲಿ ತುಂಬುವ ಬದಲು, ಅಜ್ಜ ಅಜ್ಜಿಯರ ಟಿಕೇಟನ್ನು ಬೇರೆ ಮಾಡಿಸುವುದು ಉಪಾಯ. ಕ್ಯಾನ್ಸರ್ ಮೊದಲಾದ ಕೆಲವು ರೋಗಿಗಳಿಗೆ, ಅಂಗವಿಕಲರಿಗೆ, ವಿದ್ಯಾರ್ಥಿಗಳಿಗೆ ರಿಯಾಯಿತಿಗಳು ಮುಂದುವರಿದಿವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ದರವೇ ಇಲ್ಲ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ತರಬೇಕು.

ಐದು ತುಂಬದ ಮಕ್ಕಳಿಗೆ ಬೇರೆ ಹಾಸಿಗೆ ಬೇಡವೆಂದರೆ ಟಿಕೇಟಿಲ್ಲ. ಐದರಿಂದ ಹನ್ನೆರಡರ ಒಳಗಿನವರಿಗೆ ಹಾಸಿಗೆ ಬೇಡವೆಂದರೆ ಅರ್ಧ ದರ; ಬೇಕೆಂದರೆ 2016ರ ಏಪ್ರಿಲಿನಿಂದ ಪೂರ್ತಿ ದರ.

ಸ್ಲೀಪರಿನಲ್ಲಿ ನಮ್ಮ ಹಾಸಿಗೆ ಯಾವುದೆಂದು ತಿಳಿಯಲು ಸಂಖ್ಯೆಯನ್ನು ಎಂಟರಿಂದ ಭಾಗಿಸಿ. ಶೇಷ 1 ಅಥವಾ 4 ಆದರೆ ಕೆಳಗಿನದು. 2 ಅಥವಾ 5 ನಡುವಿನದು. 3 ಅಥವಾ 6 ಮೇಲಿನದು. 7 ಬದಿಯ ಕೆಳಗಿನದು. ಶೇಷ ಉಳಿಯದಿದ್ದರೆ ಬದಿಯ ಮೇಲಿನದು. 36 ಕೆಳಹಾಸಿಗೆ, 37 ನಡುವಿನದು. ನಡುವಿನ ಹಾಸಿಗೆ ಬಿಚ್ಚುವ ಹಕ್ಕು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಸ್ಲೀಪರಿನಲ್ಲಿ ತಲೆಗೆ 40 ಕಿಲೋ, ಸಾಮಾನ್ಯ ದರ್ಜೆಯಲ್ಲಿ 35 ಕಿಲೋ ಸಾಮಾನು ಉಚಿತ.

ದಾರಿಯಲ್ಲಿ ಇಳಿದು ಹೋಗುವುದು

ಯಾತ್ರೆಗೆ ಹೋಗುವವರು ಮರೆಯಬಾರದ ಎರಡು ಸೌಲಭ್ಯಗಳಿವೆ. 500 ಕಿಲೋಮೀಟರಿಗೆ ಮೇಲ್ಪಟ್ಟ ಟಿಕೇಟಿನಲ್ಲಿ, ಅಷ್ಟು ದೂರ ಸಾಗಿದ ಮೇಲೆ, ದಾರಿಯಲ್ಲಿ ಒಂದು ಕಡೆ ಇಳಿದು ಎರಡು ದಿನ ತಂಗಿ ಮುಂದುವರಿಯಬಹುದು. ಸಾವಿರ ಕಿಲೋಮೀಟರ್ ಮೀರಿದರೆ ಎರಡು ಕಡೆ. ಟಿಕೇಟು ಮಾಡಿಸುವಾಗಲೇ ಕೌಂಟರಿನಲ್ಲಿ ಹೇಳಿ ಮುಂದಿನ ಹಾಸಿಗೆಯನ್ನೂ ಕಾಯ್ದಿರಿಸಿಕೊಳ್ಳಬೇಕು. ರಾಜಧಾನಿ, ಶತಾಬ್ದಿಗಳಿಗೆ ಇದು ಅನ್ವಯಿಸದು.

ಇನ್ನೊಂದು, ವರ್ತುಲ ಪ್ರಯಾಣದ ಟಿಕೇಟು. ಹೊರಟ ಊರಿಗೇ ಮರಳುವಂತೆ ಕಾಶಿ, ಪ್ರಯಾಗ, ಗಯಾ, ಪುರಿ ಎಂದು ದಾರಿ ಹಾಕಿಕೊಂಡು ರೈಲ್ವೆ ಕಚೇರಿಗೆ ಅರ್ಜಿ ಕೊಟ್ಟರೆ, ಎಲ್ಲಕ್ಕೂ ಸೇರಿ ದೂರದ ಇಳಿಕೆ ದರದಲ್ಲಿ ಒಂದೇ ಟಿಕೇಟು ಸಿಗುತ್ತದೆ. ಹೆಚ್ಚೆಂದರೆ ಎಂಟು ಕಡೆ ಇಳಿಯಬಹುದು. ಹತ್ತಿಪ್ಪತ್ತು ಜನ ಸೇರಿ ಯಾತ್ರೆ ಹೊರಡುವ ನಮ್ಮ ಕಡೆಯ ಕ್ರಮಕ್ಕೆ ಇದು ಹೇಳಿ ಮಾಡಿಸಿದಂತಿದ್ದರೂ ಬಳಸುವವರು ವಿರಳ.

ಕೆಲಸಗಾರರ ಟಿಕೇಟು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬೆಂಗಳೂರಿನಿಂದ ಗುವಾಹಾಟಿಗೆ ಸುಮಾರು ಮೂರು ಸಾವಿರ ಕಿಲೋಮೀಟರ್. ಐವತ್ತು ಗಂಟೆಗೂ ಮಿಕ್ಕ ಪ್ರಯಾಣ. ನಮ್ಮ ತೋಟಗಳಲ್ಲಿ ದುಡಿದ ಎಷ್ಟೋ ಜನ ಈ ದಾರಿಯನ್ನು ಕಾಯ್ದಿರಿಸದ ಸಾಮಾನ್ಯ ಡಬ್ಬಿಯಲ್ಲಿ, ಕಾಲು ಚಾಚಲು ಜಾಗವಿಲ್ಲದೆ, ಕೂಡಿಟ್ಟ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಕಳೆಯುತ್ತಾರೆ. ಸ್ಲೀಪರಿಗೂ ಸಾಮಾನ್ಯ ದರ್ಜೆಗೂ ಇರುವ ಅಂತರ ಇಷ್ಟು ದೂರಕ್ಕೂ ಹೆಚ್ಚುಕಡಮೆ ತೋಟದ ಒಂದು ದಿನದ ಕೂಲಿಯಷ್ಟು. ಅವರಿಗೆ ಸ್ಲೀಪರು ಸಿಗದಿರುವುದಕ್ಕೆ ಹಣವೊಂದೇ ಕಾರಣವಲ್ಲ. ಅರವತ್ತು ದಿನ ಮೊದಲು ಯಾರೂ ಟಿಕೇಟು ಮಾಡಿಸಿಕೊಡದಿರುವುದು ದೊಡ್ಡ ಕಾರಣ.

2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಬಳಿಯ ಬಹನಾಗಾ ಬಜಾರಿನಲ್ಲಿ ನಡೆದ ದುರಂತ ಎಲ್ಲರಿಗೂ ನೆನಪಿದೆ. ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಎದುರಿನಿಂದ ಹೋಗುತ್ತಿದ್ದ ಬೆಂಗಳೂರು–ಹೌರಾ ಗಾಡಿಯ ಹಿಂದಿನ ಡಬ್ಬಿಗಳು ಅದಕ್ಕೆ ಸಿಕ್ಕಿದವು. 290ಕ್ಕೂ ಹೆಚ್ಚು ಜನ ಸತ್ತರು. ಕಾಯ್ದಿರಿಸದ ಡಬ್ಬಿಗಳಲ್ಲಿದ್ದವರ ಹೆಸರು ಯಾವ ಚಾರ್ಟಿನಲ್ಲಿಯೂ ಇರಲಿಲ್ಲ. ನಾಲ್ಕು ತಿಂಗಳು ಕಾದರೂ ಗುರುತು ಹಿಡಿಯಲು ಯಾರೂ ಬಾರದ 28 ಶವಗಳನ್ನು ಆ ಅಕ್ಟೋಬರಿನಲ್ಲಿ ಭುವನೇಶ್ವರದಲ್ಲಿ ದಹಿಸಲಾಯಿತು. ಅವರನ್ನು ಯಾರೋ ಎಲ್ಲೋ ಕಾಯುತ್ತಿದ್ದಿರಬೇಕು.

ಹೆಸರಿನ ಟಿಕೇಟು ಹಾಸಿಗೆಯ ಸುಖಕ್ಕೆ ಮಾತ್ರವಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಆನ್‌ಲೈನಿನಲ್ಲಿ ಕಾಯ್ದಿರಿಸುವಾಗ ತಲೆಗೆ 45 ಪೈಸೆ ಕೊಟ್ಟರೆ ವಿಮೆ ಇದೆ. ಅಪಘಾತದಲ್ಲಿ ಮರಣವಾದರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ. ಆರು ಜನರ ಟಿಕೇಟಿಗೆ ಇದು 2 ರೂಪಾಯಿ 70 ಪೈಸೆ. ಟಿಕೇಟಾದ ಮೇಲೆ ವಾರಸುದಾರರ ಹೆಸರು ತುಂಬುವ ಕೊಂಡಿ ಬರುತ್ತದೆ; ಅದನ್ನು ತುಂಬದೆ ಬಿಡಬಾರದು. ಸಾಮಾನ್ಯ ಟಿಕೇಟಿನವರಿಗೆ ಈ ವಿಮೆ ಇಲ್ಲ. ರೈಲ್ವೆಯ ಕಾನೂನುಬದ್ಧ ಪರಿಹಾರ ಟಿಕೇಟಿದ್ದ ಎಲ್ಲರಿಗೂ ಇದೆ, ಆದರೆ ಪ್ರಯಾಣಿಕನಾಗಿದ್ದನೆಂದು ತೋರಿಸುವ ಭಾರ ಮನೆಯವರ ಮೇಲೆ ಬೀಳುತ್ತದೆ.

ಆದ್ದರಿಂದ ಸದಸ್ಯರಲ್ಲಿ ಒಂದು ಬಿನ್ನಹ. ಕೊಯ್ಲಿನ ನಡುವೆಯೇ ಕೆಲಸಗಾರರನ್ನು ಕೂರಿಸಿ ಹೊರಡುವ ದಿನ ಕೇಳಿ, ಅರವತ್ತು ದಿನದ ಲೆಕ್ಕ ಹಾಕಿ, ಆರಾರು ಜನರಿಗೆ ಒಂದೊಂದು ಟಿಕೇಟು ಮಾಡಿಸಿ. ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಹೆಸರು ಬರೆಯಿರಿ. ಪರಿಚಿತರಿಗೆ ಲಾಭವಿಲ್ಲದೆ ಟಿಕೇಟು ಮಾಡಿಸಿಕೊಡಲು ಅಡ್ಡಿಯಿಲ್ಲವೆಂದು ರೈಲ್ವೆಯೇ 2024ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಕಮಿಷನ್ ಪಡೆದು ಮಾರುವುದು ರೈಲ್ವೆ ಕಾಯಿದೆಯ 143ನೆಯ ಕಲಮಿನಂತೆ ಅಪರಾಧ. ಬೇರೆಯವರ ಹೆಸರಿನ ಟಿಕೇಟು ಮಾರುವ ದಲ್ಲಾಳಿಗಳ ವಿಷಯದಲ್ಲಿ ಕೆಲಸಗಾರರನ್ನು ಎಚ್ಚರಿಸಿ. ಅಂಥ ಟಿಕೇಟಿನಲ್ಲಿ ಹೋಗುವವನು ಟಿಕೇಟಿಲ್ಲದವನೇ.

ಗಾಡಿ ತಡವಾದರೆ, ಪ್ರಯಾಣ ತಪ್ಪಿದರೆ

ನಾವು ಹತ್ತುವ ಸ್ಟೇಷನ್ನಿಗೆ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನಾವು ಪ್ರಯಾಣ ಬಿಟ್ಟರೆ ಪೂರ್ತಿ ಹಣ ವಾಪಸಿದೆ. ಆನ್‌ಲೈನ್ ಟಿಕೇಟಾದರೆ ಗಾಡಿ ಹೊರಡುವ ಮೊದಲೇ ಅರ್ಜಿ ಸಲ್ಲಿಸಬೇಕು. ಒಂದು ಗಾಡಿಯಿಳಿದು ಇನ್ನೊಂದು ಹತ್ತುವವರು ಎರಡೂ ಟಿಕೇಟುಗಳನ್ನು ಜೋಡಿಸಿಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಅದರ ಹಣ ವಾಪಸು ಪಡೆಯುವ ಅವಕಾಶ 2019ರ ಏಪ್ರಿಲಿನಿಂದ ಇದೆ. ನಾವಾಗಿ ರದ್ದುಮಾಡುವುದಾದರೆ ಹೊತ್ತು ಕಳೆದಂತೆ ಕಡಿತ ಹೆಚ್ಚುತ್ತದೆ. ಹೋಗುವುದಿಲ್ಲವೆಂದು ನಿಶ್ಚಯವಾದ ದಿನವೇ ರದ್ದುಮಾಡಿದರೆ ನಷ್ಟ ಅತಿ ಕಡಮೆ, ಕಾಯುತ್ತಿರುವ ಇನ್ನೊಬ್ಬನಿಗೂ ಜಾಗವಾಗುತ್ತದೆ.

ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮೊದಲು ಕೌಂಟರಿನಲ್ಲಿಯೋ 139ರಲ್ಲಿಯೋ ಒಮ್ಮೆ ವಿಚಾರಿಸುವುದು ಒಳ್ಳೆಯದು. ಆದರೆ ಮೂಲ ಸೂತ್ರ ಬದಲಾಗುವಂಥದ್ದಲ್ಲ: ಒಂದೇ ಉದ್ದ ಟಿಕೇಟು, ಸಾಕಷ್ಟು ಮುಂಚಿತವಾಗಿ, ಅವರವರ ಹೆಸರಿನಲ್ಲಿ. ಗಿಡದಲ್ಲಿ ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಕ್ಯಾಲೆಂಡರನ್ನೂ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ಪ್ರತಿ ತೋಟದಲ್ಲಿಯೂ ಬರಲಿ.